ಮೊದಲು ಬಿರುಕು, ಆಮೇಲೆ ಬ್ರೇಕ್

ಮಾಲು ತಪಾಸಣೆ ಮಾಡುತ್ತಿದ್ದ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರ ಬಲಗೈ ತೋರುಬೆರಳಿನ ಉಗುರು ಮಾತ್ರ ಉದ್ದ, ಅದರ ಸಂದಿನಲ್ಲಿ ಸದಾ ಕರಿ ಎಣ್ಣೆ. ಎರಕದ ಬಿಡಿಭಾಗದ ಮೇಲೆ ಆ ಉಗುರನ್ನು ಎಳೆದರೆ ಸಾಕು, ಕೂದಲೆಳೆಯಷ್ಟು ಬಿರುಕಿದ್ದರೂ ತಡೆಯುತ್ತಿತ್ತು. ಪುಣೆ ಹತ್ತಿರದ ಚಾಕಣದ ಆ ಕಾರ್ಖಾನೆಯಲ್ಲಿ ಅವರು ಹೂಂ ಅಂದ ಮೇಲೆಯೇ ನಾನು ಮಾಲನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ.

ಗದಗ ಕಡೆಯವರು. ಮರಾಠಿಯಲ್ಲಿ ಜಗಳ, ಕನ್ನಡದಲ್ಲಿ ಚೇಷ್ಟೆ, ಇಂಗ್ಲಿಷಿನಲ್ಲಿ ಮಾತ್ರ ಭಾರೀ ಮಡಿ. ಹಾಳಾದ ಮಾಲಿನ ಪಟ್ಟಿಯಲ್ಲಿ ನಾನು ಎಲ್ಲದಕ್ಕೂ ‘ಬ್ರೇಕ್’ ಎಂದು ಬರೆದಿಟ್ಟರೆ ರೇಗುತ್ತಿದ್ದರು.

“ನಮ್ಮಲ್ಲಿ ಕೋಲು ಮುರೀತದ, ಗಡಿಗಿ ಒಡೀತದ, ಹಗ್ಗ ಹರೀತದ. ಇಂಗ್ಲಿಷಿನವಗ ಎಲ್ಲಾ ಒಂದ ಬ್ರೇಕ್. ಕೊಟ್ಟ ಮಾತು ತಪ್ಪಿದ್ರೂ ಬ್ರೇಕ್, ಚಾ ಕುಡಿಯಾಕ ಹೋದ್ರೂ ಬ್ರೇಕ್! ಅದಕ್ಕ ಹ್ಯಾಂಗ ಮುರೀತು ಅನ್ನೂದನ್ನ ನೀವ ಬಿಡಿಸಿ ಬರೀಬೇಕ್ರಿ ಅಕ್ಕಾರ.”

ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಮಾಲು ಕೊಳ್ಳುವ ಕಂಪನಿಯ ಎಂಜಿನಿಯರೊಬ್ಬರು ಎರಡು ತುಂಡಾದ ಬಿಡಿಭಾಗವನ್ನು ತಂದು ಮೇಜಿನ ಮೇಲಿಟ್ಟರು. “ಪ್ಯಾಕಿಂಗ್‌ಚೀ ಚೂಕ!”, ಪ್ಯಾಕಿಂಗಿನದೇ ತಪ್ಪು, ಎಂದು ನಮ್ಮ ಮ್ಯಾನೇಜರು ನನ್ನತ್ತ ಬೆರಳು ತೋರಿಸಿ, ವರದಿಯಲ್ಲಿ ನನ್ನ ಹೆಸರು ಬರೆದೇಬಿಟ್ಟರು. ಪೆಟ್ಟಿಗೆ ತುಂಬುವಾಗ ಬೀಳಿಸಿದ್ದಾಳೆ, ನಾಳೆಯಿಂದ ಬರುವುದು ಬೇಡ ಎಂದರು. ಗಂಡ ಹಾಸಿಗೆ ಹಿಡಿದಿದ್ದ ಆ ವರ್ಷ ಮನೆಯ ಒಲೆ ಉರಿಯುತ್ತಿದ್ದದ್ದೇ ನನ್ನ ಕೆಲಸದಿಂದ.

ಸಾಹೇಬರು ತುಂಡುಗಳನ್ನು ಬೆಳಕಿಗೆ ಹಿಡಿದರು. ಮುರಿದ ಜಾಗದಲ್ಲಿ ಅರ್ಧ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು, ಇನ್ನರ್ಧಕ್ಕೆ ಎಣ್ಣೆ ಇಳಿದು ಕಪ್ಪಾಗಿತ್ತು. ಕಪ್ಪಗಿದ್ದದ್ದು ಹಳೆಯ ಬಿರುಕು.

“ಫಸ್ಟ್ ಕ್ರ್ಯಾಕ್, ದೆನ್ ಬ್ರೇಕ್,” ಎಂದರು ಎಂಜಿನಿಯರಿಗೆ. “ಕ್ರ್ಯಾಕ್ ವಾಸ್ ಬಿಫೋರ್ ಪ್ಯಾಕಿಂಗ್. ಐ ಪಾಸ್ಡ್ ಇಟ್.”

ಮ್ಯಾನೇಜರು ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದರು. ಸಾಹೇಬರು ವರದಿಯ ಹಾಳೆಯನ್ನು ಎಳೆದುಕೊಂಡು, ನನ್ನ ಹೆಸರು ಹೊಡೆದುಹಾಕಿ, ತಮ್ಮ ಹೆಸರು ಬರೆದು ಸಹಿ ಹಾಕಿದರು.

ಆ ವರ್ಷ ಅವರಿಗೆ ಸಿಗಬೇಕಿದ್ದ ಬಡ್ತಿ ಕಿರಿಯರೊಬ್ಬರ ಪಾಲಾಯಿತು. ನಾನು ಅವರೆದುರು ಕಣ್ಣೀರಿಟ್ಟರೆ, “ತಪ್ಪು ನಂದು, ಅಳಾವ್ರು ನೀವು. ಇದ್ಯಾವ ನ್ಯಾಯರೀ!” ಎಂದು ನಕ್ಕರು.

ನಿವೃತ್ತಿಯಾದ ಎರಡೇ ವರ್ಷಕ್ಕೆ ತೀರಿಕೊಂಡರು. ನಾನು ಅದೇ ಕಾರ್ಖಾನೆಯಲ್ಲಿ ಮತ್ತೆ ಹದಿನಾರು ವರ್ಷ ದುಡಿದೆ. ಸಾಹೇಬರೆಂದು ಬಂದು ಹೋದವರಿಗೆ ಲೆಕ್ಕವಿಲ್ಲ. ನನ್ನ ಹೆಸರು ಅಳಿಸಿ ತಮ್ಮ ಹೆಸರು ಬರೆದವರು ಅವರೊಬ್ಬರೇ. ಅವರ ಕೈಕೆಳಗೆ ಕೆಲಸ ಮಾಡಿದವಳು ನಾನು ಎಂದು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ.