ಕಾಕಾರ ಬಾಯಿ, ನನ್ನ ನೀಲಿ ಶೀಸೆ

ಮೌತ್‌ವಾಶ್ ಶೀಸೆಯ ಮುಚ್ಚಳದೊಳಗೆ ಒಂದು ಸಣ್ಣ ಗೆರೆಯಿರುತ್ತದೆ. ಎಷ್ಟು ಸುರಿದುಕೊಳ್ಳಬೇಕೆಂಬುದನ್ನು ಅದು ತಿಳಿಸುತ್ತದೆ; ಯಾವಾಗ, ಯಾಕೆ ಎಂಬುದರ ಬಗ್ಗೆ ಮಾತ್ರ ಅದರದು ಮೌನವ್ರತ. ಗೋಕಾಕದ ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಅರ್ಧ ಖಾಲಿಯಾಗಿ ನಿಂತಿರುವ ನೀಲಿ ಶೀಸೆಯನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ನನ್ನ ಹಲ್ಲುಗಳಲ್ಲ, ಮೇಲವಂಕಿಯ ಸಿದ್ದಪ್ಪ ಕಾಕಾರ ಬಾಯಿ.

ನಮ್ಮ ಡೊಳ್ಳಿನ ಪದದ ಮೇಳದಲ್ಲಿ ಕಾಕಾ ಮುಂದಾಳು. ನಾನು ಹಿಮ್ಮೇಳ, ಅದೂ ಜನ ಸಾಲದೆ ಸೇರಿಸಿಕೊಂಡ ಹಿಮ್ಮೇಳ. ಈ ಹಾಡಿಕೆಯನ್ನು ನೀವು ನೋಡಿದ್ದರೆ ಬಲ್ಲಿರಿ: ಹಿಂದಿನವರು ಮುಂದಾಳಿನ ಹೆಗಲಿಗೆ ಹೆಗಲು ಹಚ್ಚಿ, ಅವರ ಬಾಯಿಯ ಹತ್ತಿರವೇ ಕಿವಿಯಿಟ್ಟು, ಬಿಟ್ಟ ನುಡಿಯನ್ನು ನೆಲಕ್ಕೆ ಬೀಳಗೊಡದೆ ಎತ್ತಿಕೊಳ್ಳಬೇಕು. ಆದರೆ ಕಿವಿ ಹೋದಲ್ಲಿಗೆ ಮೂಗೂ ಹೋಗುತ್ತದೆ. ಉಳ್ಳಾಗಡ್ಡಿಯ ವಾಸನೆಯಾಗಿದ್ದರೆ ಅದು ನಮ್ಮ ಮನೆಯದೇ, ಯಾರೂ ಅಂಜುತ್ತಿರಲಿಲ್ಲ. ಈಚೆಗೆ ಬರತೊಡಗಿದ್ದು ಬೇರೆಯದೇ ವಾಸನೆ. ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ನಾವೆಲ್ಲ ಅರ್ಧ ಹೆಜ್ಜೆ ಹಿಂದೆ ಸರಿದೆವು. ಹುಕ್ಕೇರಿಯಲ್ಲಿ, ಎದುರಿನ ಮೇಳ ನಮ್ಮ ತಪ್ಪಿಗಾಗಿಯೇ ಕಾದು ಕುಳಿತಿದ್ದಾಗ, ಕಾಕಾ ಬಿಟ್ಟ ನುಡಿ ಯಾರ ಕಿವಿಗೂ ಸಿಗದೆ ಕೆಳಗೆ ಬಿತ್ತು.

ತಿರುಗಿ ಬರುವಾಗ ಕಾಕಾ ಮೆತ್ತಗೆ ಹೇಳಿದರು: "ಇನ್ನ ನಾ ಹಾಡಾಂಗಿಲ್ಲಪಾ. ನನ್ನ ದನಿ ನಿಮ್ಮ ತನಕಾನೂ ಮುಟ್ಟವಲ್ದು."

ಆಗಲೇ ನಿಜ ಹೇಳಬೇಕಿತ್ತು. ಹಿರಿಯರಿಗೆ ಬಾಯಿ ನಾರುತ್ತದೆಂದು ತಿಳಿಸುವ ಮರ್ಯಾದೆಯ ಮಾತು ನನಗೆ ಹೊಳೆಯಲಿಲ್ಲ. ಔಷಧಿ ಅಂಗಡಿಯಿಂದ ನೀಲಿ ಶೀಸೆ ತಂದು, ಇದು ದನಿಗೆ ಛಲೋ ಎಂದು ಕೊಟ್ಟೆ. ಕಾಕಾ ಅದನ್ನು ಬಾಯಿಗೆ ಹಾಕಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಒಂದು ಆಲಾಪವನ್ನೇ ಗಳಗಳಿಸಿ ಉಗುಳಿದರು. ಕಣ್ಣಲ್ಲಿ ನೀರು ಬಂತು, ವಾಸನೆ ಹೋಯಿತು, ನಾವು ಅರ್ಧ ಹೆಜ್ಜೆ ಮುಂದೆ ಬಂದೆವು. ದನಿ ತಿರುಗಿ ಬಂತೆಂದು ಅವರು ನಂಬಿದರು. ಅಷ್ಟೇ ಅಲ್ಲ, ಇಷ್ಟು ಉರಿಯುವ ವಸ್ತು ಹಲ್ಲಿಗೂ ನಾಟದೆ ಇರಲಾರದೆಂದು ತರ್ಕಿಸಿ, ಹಲ್ಲುಜ್ಜುವುದನ್ನೇ ಬಿಟ್ಟರು.

ನಾನು ನಿಧಾನದವನು, ಆದರೂ ಕಂಡದ್ದನ್ನು ಕಂಡಂತೆ ಹೇಳಬಲ್ಲೆ. ಪದದ ಮೊದಲಿಗೆ ಪುದೀನ, ಮುಗಿಯುವ ಹೊತ್ತಿಗೆ ಮತ್ತೆ ಅದೇ ಹಳೆಯ ವಾಸನೆ. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ, ಕಟಕ ರೊಟ್ಟಿಯನ್ನು ಸದ್ದು ಮಾಡಿ ಮುರಿದು ತಿನ್ನುವ ಕಾಕಾ ಅದನ್ನು ಹಾಲಿನಲ್ಲಿ ನೆನೆಸಿ, ಒಂದೇ ದವಡೆಯಲ್ಲಿ ನುರಿಸುತ್ತಿದ್ದರು.

ಕಾಕಿ ಸಾರು ಬಡಿಸುತ್ತ ಹೇಳಿದಳು: "ಹಲ್ಲ ನೋಯ್ತಾವ ಅಂತ ನನಗಷ್ಟ ಹೇಳ್ಯಾರ. ಕಿತ್ತರ ಪದ ಸೋರತಾವು ಅಂತ ಅಂಜಿ ಕುಂತಾರ, ನಮ್ಮ ಹುಲಿ."

ಇನ್ನು ಸುಮ್ಮನಿರುವಂತಿರಲಿಲ್ಲ. "ಕಾಕಾ, ನಿಮ್ಮ ದನಿಗೆ ಏನೂ ಆಗಿಲ್ರಿ," ಎಂದೆ. "ಬಾಯಿ ವಾಸನಿಗೆ ನಾವ ದೂರ ಸರದೇವ್ರಿ."

ಕಾಕಾ ಹಾಲಿನ ಬಟ್ಟಲನ್ನು ಬದಿಗೆ ಸರಿಸಿದರು. "ಇಷ್ಟ ಹೇಳಾಕ ನಿನಗ ಒಂದ ಬಾಟ್ಲಿ ಬೇಕಾತೇನಪಾ?"

ಗೋಕಾಕದ ಹಲ್ಲಿನ ಡಾಕ್ಟರು ಹಿಂದಿನ ದವಡೆ ಹಲ್ಲೊಂದರ ಬುಡದಲ್ಲಿ ಕೀವು ಕಂಡು, ಅದನ್ನಷ್ಟೇ ಕಿತ್ತರು. ನೀಲಿ ನೀರು ಬ್ರಷ್ಷಿನ ಬದಲಿಯಲ್ಲ, ಎರಡು ಹೊತ್ತು ಹಲ್ಲುಜ್ಜುವುದು ತಪ್ಪಬಾರದು ಎಂದರು. ಬಳಸುವುದೇ ಆದರೆ ಉಜ್ಜಿದ ಕೂಡಲೇ ಬೇಡ, ಪೇಸ್ಟು ಹಲ್ಲಿಗೆ ಕೊಟ್ಟ ಫ್ಲೋರೈಡೂ ತೊಳೆದುಹೋಗುತ್ತದೆ. ಬೇರೆ ಹೊತ್ತಿನಲ್ಲಿ ಮುಕ್ಕಳಿಸಿ ಉಗುಳಬೇಕು. ಮತ್ತೆ ಮತ್ತೆ ಬರುವ ವಾಸನೆಯನ್ನು ಮುಚ್ಚದೆ ಬಾಯಿ ತೋರಿಸಬೇಕು. ಕಾಕಾ ಇದೆಲ್ಲಕ್ಕೂ ತಲೆಯಾಡಿಸಿ, ಅರಳೆ ಕಚ್ಚಿಕೊಂಡೇ ಒಂದು ಮಾತು ಕೇಳಿದರು: "ಪದ ಸೋರತಾವೇನ್ರಿ?" ಹಿಂದಿನ ಹಲ್ಲಿನ ಸಂದಿಯಿಂದ ಪದ ಸೋರುವುದಿಲ್ಲವೆಂದು ಡಾಕ್ಟರು ನಗದೆ ಹೇಳಿದ್ದಕ್ಕೆ ನಾನು ಇಂದಿಗೂ ಕೃತಜ್ಞ.

ಗಾಯ ಮಾಯ್ದ ಮೇಲೆ ಮೂಡಲಗಿಯಲ್ಲಿ ಹಾಡಿಕೆಯಾಯಿತು. ಕಾಕಾ ಕಟಕ ರೊಟ್ಟಿಗೆ ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ಉಂಡು ಬಂದಿದ್ದರು. ಹೆಗಲಿಗೆ ಹೆಗಲು ಹಚ್ಚಿ ಕಿವಿಯೊಡ್ಡಿದೆ. ಮೊದಲು ಘಾಟು ಬಂತು, ಹಿಂದೆಯೇ ನುಡಿ ಬಂತು. ಎರಡನ್ನೂ ಕೆಳಗೆ ಬೀಳಗೊಡಲಿಲ್ಲ.

ಉಳಿದರ್ಧ ಶೀಸೆಯನ್ನು ಕಾಕಾ ನನಗೇ ಮರಳಿಸಿದ್ದಾರೆ. ಮುಚ್ಚಳದ ಗೆರೆ ಈಗಲೂ ಎಷ್ಟೆಂದಷ್ಟೇ ಹೇಳುತ್ತದೆ. ಉಳಿದದ್ದನ್ನು ನಾವೇ, ಬಾಯಿಬಿಟ್ಟು, ಹತ್ತಿರ ನಿಂತು ಹೇಳಬೇಕು.