ಶುಕ್ರವಾರ ಎತ್ತದೆ ಬಿಟ್ಟ ಫೋನು

ಮಸ್ಕತ್ತಿನ ಒಂದು ಡಿಸೈನ್ ಆಫೀಸಿನಲ್ಲಿ ನಾನು ಸ್ಟ್ರಕ್ಚರಲ್ ಇಂಜಿನಿಯರ್ ಆಗಿ ಹದಿನಾರನೇ ವರ್ಷಕ್ಕೆ ಕಾಲಿಟ್ಟಿದ್ದೆ. ಭಾರತದ ಮಹಾನಗರವೊಂದರಲ್ಲಿ ಕಂಬಗಳ ಮೇಲೆ ಏಳುತ್ತಿದ್ದ ಮೋನೋರೈಲ್ ನಿಲ್ದಾಣದ ನಕ್ಷೆಗಳು ಆಗ ನಮ್ಮಲ್ಲಿಂದ ಹೋಗತೊಡಗಿದ್ದವು. ಭಾರತದ ಕೆಲಸ ನಮಗೆ ಅದೇ ಮೊದಲು. ಅಲ್ಲಿನ ಸೈಟ್ ಇಂಜಿನಿಯರ್ ಗದಗಿನ ಹುಡುಗ ಮಲ್ಲಪ್ಪ, ನಾನು ಬಾಗಲಕೋಟೆಯವನು. ಮುಖ ನೋಡಿದ್ದಿಲ್ಲ. ಫೋನಿನಲ್ಲಿ ಮಾತ್ರ ನಕ್ಷೆಯ ವಿಷಯ ಎರಡು ನಿಮಿಷವಾದರೆ ಊರಿನ ಮಿರ್ಚಿ ಭಜಿಯ ವಿಷಯ ಹತ್ತು ನಿಮಿಷ.

ಒಂದು ಗುರುವಾರ ಸಂಜೆ, ಆಗಲೇ ಸೈಟಿಗೆ ಕಳಿಸಿದ್ದ ಪ್ಲಾಟ್‌ಫಾರಂ ಮೆಟ್ಟಿಲಿನ ನಡುವಿನ ಕಟ್ಟೆಯ, ಅಂದರೆ ಲ್ಯಾಂಡಿಂಗ್‌ನ, ನಕ್ಷೆಯಲ್ಲಿ ನನ್ನದೇ ತಪ್ಪು ಕಣ್ಣಿಗೆ ಬಿತ್ತು. ಆ ಲ್ಯಾಂಡಿಂಗ್‌ನ ಭಾರವೆಲ್ಲ ಅದನ್ನು ತೂಗಿಸಿ ಹಿಡಿಯುವ ಮೇಲಿನ ತೊಲೆಯ ಮೇಲೆ. ತೊಲೆಯ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗಿನ ಪ್ರಾಪ್, ಅಂದರೆ ಆಸರೆಯ ಕಂಬ, ತೆಗೆಯುವಂತಿಲ್ಲ. ಆ ಒಂದು ಸಾಲು ಬರೆಯಲು ಮರೆತಿದ್ದೆ. ಸೇರಿಸಿ, ನಕ್ಷೆಗಳನ್ನು ಪರಿಶೀಲಿಸುವ ಉಡುಪಿಯ ಫೆಲಿಕ್ಸ್ ಅವರ ಮುಂದಿಟ್ಟೆ. ಅವರಾಗಲೇ ಬ್ಯಾಗ್ ಹೆಗಲಿಗೇರಿಸಿದ್ದರು.

“ಇವತ್ತಿಗೆ ಖಲಾಸ್ ಮಾರಾಯ್ರೆ. ಆದಿತ್ಯವಾರ ಬೆಳಿಗ್ಗೆ ಸೈನ್ ಮಾಡಿ ಕಳಿಸುವ. ರಜೆಯಲ್ಲಿ ಪ್ರಾಪ್ ತೆಗೆಯುವವರು ಯಾರು?”

“ಆತು ಬಿಡ್ರಿ,” ಎಂದೆ.

ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅದು ನಮಗೆ ಎಷ್ಟು ಮೈಗೂಡಿತ್ತೆಂದರೆ, ನಮ್ಮ ದೇಶದಲ್ಲಿ ಆ ಎರಡೂ ದಿನ ಕೆಲಸ ನಡೆಯುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಮನೆಮಂದಿಯೊಂದಿಗೆ ಮಸ್ಕತ್ತಿನಿಂದ ದೂರದ ಊರು ಸಹಮ್‌ನಲ್ಲಿರುವ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಹನ್ನೊಂದಕ್ಕೆ ಮಲ್ಲಪ್ಪನ ಫೋನು. “ಸೂಟಿ ದಿನಾನೂ ಬಿಡೂದಿಲ್ಲ ಪುಣ್ಯಾತ್ಮ,” ಎಂದು ಹೆಂಡತಿಗೆ ಹೇಳಿ ನಕ್ಕು, ಸೈಲೆಂಟ್ ಮಾಡಿದೆ. ಇನ್ನೊಮ್ಮೆ ಬಂತು. ಅದನ್ನೂ ಎತ್ತಲಿಲ್ಲ.

ಊಟ ಮುಗಿಸಿ ನಾನೇ ಅವನಿಗೆ ಫೋನ್ ಮಾಡಿದೆ. ಎತ್ತಿದ್ದು ಅವನ ಊರಿನವನೇ ಆದ ಫೋರ್‌ಮನ್.

“ಸರ್ರ, ಲ್ಯಾಂಡಿಂಗ್ ಬಿತ್ರಿ. ಮಲ್ಲಪ್ಪ ಸರ್ ಕೆಳಗ ಇದ್ರು. ಉಳೀಲಿಲ್ರಿ.” ಅಳುತ್ತಲೇ ಹೇಳಿದ: “ಪ್ರಾಪ್ ತಗಿಯೂಕಿಂತ ಮೊದ್ಲ ನಿಮ್ಮನ್ನೊಂದು ಮಾತು ಕೇಳ್ಬೇಕಂತ ಎರಡು ಸಲ ಫೋನ್ ಹಚ್ಚಿದ್ರು. ನೀವು ಎತ್ತಲಿಲ್ಲ. ಡ್ರಾಯಿಂಗ್‌ನ್ಯಾಗ ಏನೂ ಬರದಿಲ್ಲ, ತಗೀರಿ ಅಂದ್ರು.”

ಭಾನುವಾರ ಆ ನಕ್ಷೆ ಸಹಿಯಿಲ್ಲದೆ ಫೆಲಿಕ್ಸ್ ಅವರ ಮೇಜಿನ ಮೇಲೆಯೇ ಇತ್ತು. ಇಬ್ಬರೂ ಅದರ ಮುಂದೆ ಕೂತು ಅತ್ತೆವು. ವಿಚಾರಣೆಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆದುಕೊಟ್ಟೆ. ಶಿಕ್ಷೆ ನನಗೆ ಕಡಿಮೆಯೇ ಆಯಿತು, ಎದೆಯ ಭಾರ ಇಳಿಯಲಿಲ್ಲ.

ತಪ್ಪು ಕಂಡ ಕ್ಷಣವೇ ಮೊದಲು ಫೋನ್, ಆಮೇಲೆ ಸಹಿ. ಕೆಲಸ ನನಗೆ ಕಲಿಸಿದ್ದು ಇಷ್ಟು. ಈಗ ಶುಕ್ರವಾರವೂ ನನ್ನ ಫೋನು ಸೈಲೆಂಟ್ ಇರುವುದಿಲ್ಲ. ಮಲ್ಲಪ್ಪನ ನಂಬರನ್ನು ಇನ್ನೂ ಅಳಿಸಿಲ್ಲ. ಅವತ್ತು ನಾನು ಅವನಿಗೆ ಹೇಳಬೇಕಾಗಿದ್ದದ್ದು ಒಂದೇ ಮಾತು: “ತಗೀಬ್ಯಾಡೋ ಮಲ್ಲಪ್ಪಾ.”