ಸಹಿ ಮಾಡದ ವೈನಿ

ವೈನಿಯ ಮೂಗಿನ ತುದಿ ವರ್ಷದ ಹನ್ನೆರಡು ತಿಂಗಳೂ ಸಿಪ್ಪೆ ಏಳುತ್ತಿತ್ತು. ನಮ್ಮ ಕಡೆಯ ಬಿಸಿಲಿಗೂ ಆ ಬಿಳಿ ಮೂಗಿಗೂ ಇಪ್ಪತ್ತು ವರ್ಷ ಜಗಳ ನಡೆಯಿತು, ಇಬ್ಬರೂ ರಾಜಿಯಾಗಲಿಲ್ಲ. ಅತ್ತೆ ಹೇಳಿಕೊಟ್ಟಂತೆ ಮೂಗಿಗೆ ಬೆಣ್ಣೆ ಸವರಿಕೊಂಡು, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಂಡಸರಂತೆ ದಾಪುಗಾಲು ಹಾಕುತ್ತ ಅವರು ಸಂತೆಗೆ ಹೊರಟರೆ ಅಂಗಡಿಯವರು ತಕ್ಕಡಿ ಬಿಟ್ಟು ನೋಡುತ್ತಿದ್ದರು. ಬಂದ ಹೊಸದರಲ್ಲಿ ನೋಡಿದ್ದು ಸರಿ. ಹತ್ತು ವರ್ಷವಾದ ಮೇಲೂ ನೋಡುತ್ತಿದ್ದರಲ್ಲ, ಅದು ನನಗೆ ಸಿಟ್ಟು ತರಿಸುತ್ತಿತ್ತು. ವೈನಿಗೆ ಅದರ ಗೊಡವೆಯಿರಲಿಲ್ಲ.

"ನೋಡ್ಲಿ ಬಿಡವಾ. ನೋಡಿದ್ರ ಸವದ ಹೋಗತೇನೇನ ನಾ?" ಅನ್ನುತ್ತಿದ್ದರು.

ಅವರಿಗೆ ಸೇರದಿದ್ದುದು ಒಂದೇ. ಊರೆಲ್ಲ ಅವರನ್ನು ರಶಿಯಾ ವೈನಿ ಎಂದು ಕರೆಯುತ್ತಿತ್ತು.

ಯಾವ ಊರು ಎಂದು ಕೇಳಬೇಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ನಾನು ಹೇಳಲಿರುವುದರಲ್ಲಿ ಪೊಲೀಸ್ ಠಾಣೆ ಬರುತ್ತದೆ. ಅಲ್ಲಿದ್ದವರಲ್ಲಿ ಕೆಲವರು ಇನ್ನೂ ನೌಕರಿಯಲ್ಲಿದ್ದಾರೆ, ಅವರ ಹೊಟ್ಟೆಯ ಮೇಲೆ ಹೊಡೆಯುವುದು ನನಗೆ ಬೇಕಿಲ್ಲ.

ವೈನಿಯ ಗಂಡ ನಮ್ಮ ಓಣಿಯ ಡಾಕ್ಟರು, ನನಗೆ ಅಣ್ಣನ ಸಮಾನ, ಹಾಗಾಗಿ ಅವರ ಹೆಂಡತಿ ನನಗೆ ವೈನಿ, ಅಂದರೆ ಅತ್ತಿಗೆ. ಎಂಬತ್ತರ ದಶಕದಲ್ಲಿ ಸೋವಿಯತ್ ದೇಶದ ಖಾರ್ಕಿವ್ ಎಂಬ ಊರಿಗೆ ಡಾಕ್ಟರಿಕೆ ಓದಲು ಹೋದವರು, ಬರುವಾಗ ಅಲ್ಲಿನ ಆಸ್ಪತ್ರೆಯ ನರ್ಸನ್ನು ಮದುವೆಯಾಗಿ ಕರೆತಂದರು. ಲಿಂಗಾಯತರ ಹಳೆಯ ಮನೆತನ, ಮೂರು ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲವಂತೆ. ನಾಲ್ಕನೆಯ ದಿನ ವೈನಿ ತಾವೇ ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕೂತರು. ಕೈ ಸುಟ್ಟುಕೊಂಡರು, ಸುಟ್ಟ ಕೈಯಲ್ಲೇ ಮತ್ತೆ ಬಡಿದರು. ಐದನೆಯ ರೊಟ್ಟಿ ಹರಿಯದೆ ಎದ್ದಾಗ ಅತ್ತೆ, "ಭಾಳ ಹಠಮಾರಿ ಐತಿ. ನಮ್ಮ ಮನಿಗೆ ಹೊಂದತೈತಿ" ಅಂದು ಊಟಕ್ಕೆ ಕೂತರಂತೆ.

ಆಮೇಲೆ ಹೆರಿಗೆಯ ಕೆಲಸದಲ್ಲಿ ಡಾಕ್ಟರಿಗಿಂತ ವೈನಿಯ ಹೆಸರೇ ದೊಡ್ಡದಾಯಿತು. ಕೈಗುಣ ಚಲೋ ಎಂದು ದೊಡವಾಡದಿಂದ, ಅತ್ತ ಸುರೇಬಾನದಿಂದಲೂ ಬಸುರಿಯರು ಬಸ್ಸು ಹತ್ತಿ ಬರುತ್ತಿದ್ದರು. ವೈನಿ ಕನ್ನಡ ಕಲಿತದ್ದು ಅತ್ತೆಯಿಂದ ಮತ್ತು ಬೇನೆ ತಿನ್ನುವ ಹೆಂಗಸರಿಂದ. ಹಾಗಾಗಿ ಅವರ ಕನ್ನಡದಲ್ಲಿ ನಯನಾಜೂಕು ಕಡಿಮೆ, ಬೈಗುಳ ಮಾತ್ರ ಯಥೇಚ್ಛ.

ಅವರ ಮನೆಯ ಮುಂದಿನ ಖೋಲಿಯಲ್ಲಿ ನನ್ನ ಟೈಪಿಂಗ್ ಶಾಲೆ. ಮುಂಜಾನೆ ಹುಡುಗಿಯರಿಗೆ ಕಲಿಸುವುದು, ಮಧ್ಯಾಹ್ನ ಕಚೇರಿಗೆ ಕೊಡುವ ಅರ್ಜಿಗಳನ್ನು ಟೈಪು ಮಾಡುವುದು. ಸೋವಿಯತ್ ದೇಶ ಒಡೆದು, ಖಾರ್ಕಿವ್ ಇರುವ ಉಕ್ರೇನ್ ಬೇರೆ ದೇಶವಾಗಿ, ವೈನಿ ದಿಲ್ಲಿಗೆ ಹೋಗಿ ಉಕ್ರೇನ್ ದೇಶದ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದ ವರ್ಷ, ಇಲ್ಲಿ ವಾಸವಿರಲು ಬೇಕಾದ ಪರ್ಮಿಟ್ಟಿನ ಅರ್ಜಿಯನ್ನು ನನ್ನ ಕೈಯಲ್ಲೇ ಟೈಪು ಮಾಡಿಸಿದರು. ನಾನು ಕೇಳುವ ಗೋಜಿಗೂ ಹೋಗದೆ ದೇಶದ ಜಾಗದಲ್ಲಿ ರಶಿಯಾ ಎಂದು ಹೊಡೆದಿದ್ದೆ. ವೈನಿ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಇದು ಯಾರ ಅರ್ಜಿ?"

"ನಿಮ್ದ ರೀ ವೈನಿ."

"ನಂದಲ್ಲ. ನಾ ರಶಿಯಾದಾಕಿ ಅಲ್ಲ."

"ನೀವು ಮಗಳ ಜೋಡಿ ಮಾತಾಡೂದು ರಶಿಯನ್ ಅಲ್ಲೇನ್ರಿ ಮತ್ತ?"

"ಎದುರಿನ ಶಿಂಪಿಗೇರು ಮನ್ಯಾಗ ಏನ ಮಾತಾಡ್ತಾರ?"

"ಮರಾಠಿ."

"ಅವರನ್ನ ಮಹಾರಾಷ್ಟ್ರದವರು ಅಂದು ನೋಡ. ಕತ್ರಿ ತಗೊಂಡು ಬರತಾರ."

ಅದು ನಿಜವಾಗಿತ್ತು. ಗಡಿಯ ಜಗಳ ಎದ್ದಾಗೆಲ್ಲ ಆ ಶಿಂಪಿಯೇ ಕನ್ನಡದ ಬಾವುಟ ಹೊಲಿದು ಕೊಡುತ್ತಿದ್ದ. ನಾನು ಹೊಸ ಹಾಳೆ ಏರಿಸಿದೆ. ಭಾರತದ ಪೌರತ್ವವನ್ನಾದರೂ ತೆಗೆದುಕೊಳ್ಳಬಾರದೇ ಎಂದು ಆಗ ಕೇಳಿದ್ದೆ. "ಆ ದೇಶ ಈಗರೆ ಹುಟ್ಟೇತಿ, ಹಸಗೂಸು. ಹಡದಾಕ್ಷಣ ಬಿಟ್ಟು ಹೋಗೂದೇನ?" ಅಂದಿದ್ದರು. ಸೂಲಗಿತ್ತಿಯ ಲೆಕ್ಕದಲ್ಲೇ ಅವರು ದೇಶವನ್ನೂ ನೋಡುತ್ತಿದ್ದರು.

ಪ್ರತಿ ವರ್ಷ ಪರ್ಮಿಟ್ ಹೊಸದು ಮಾಡಿಸುವ ಮೊದಲು ಊರಿನ ಠಾಣೆಯಿಂದ ವರದಿ ಹೋಗಬೇಕು. ಅದಕ್ಕೆ ಠಾಣೆಯಲ್ಲೊಂದು ರಿಜಿಸ್ಟರು. ಅಲ್ಲಿನ ರೈಟರ್ ಕೆಲಸ ನೋಡುತ್ತಿದ್ದ ಹವಾಲ್ದಾರರು, ಹಿಂದಿನ ವರ್ಷದ ಸಾಲನ್ನು ನೋಡಿ ಈ ವರ್ಷದ ಸಾಲು ಬರೆಯುವವರು. ಮೊದಲ ಸಾಲಿನಲ್ಲಿ ರಶಿಯಾ ಎಂದಿತ್ತು, ಆದ್ದರಿಂದ ಎಲ್ಲ ಸಾಲುಗಳಲ್ಲೂ ರಶಿಯಾ. ಪಾಸ್‌ಪೋರ್ಟ್ ಬದಲಾಗಿದೆ ಎಂದು ವೈನಿ ಹೇಳಿದರೆ, "ಹಿಂದ ಹ್ಯಾಂಗೈತಿ ಹಂಗ ಬರೀಬೇಕ್ರೀ ವೈನಿ. ಸಹಿ ಮಾಡೂ ಜಾಗಾ ನಿಮ್ದು, ಅಲ್ಲಿ ಏನರೆ ಬರಕೋರಿ" ಅನ್ನುತ್ತಿದ್ದರು. ವೈನಿ ಸಹಿ ಮಾಡಿ, ಅದರ ಮುಂದೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಉಕ್ರೇನ್ ಎಂದು ಬರೆದು ಬರುತ್ತಿದ್ದರು. ಆ ಮೂರು ಅಕ್ಷರ ಬರೆಯಲು ಕಲಿಸಿದವಳು ನಾನು. ಜಿಲ್ಲೆಯ ಕಚೇರಿಯಲ್ಲಿ ಪಾಸ್‌ಪೋರ್ಟ್ ನೋಡಿ ಠಸ್ಸೆ ಒತ್ತುತ್ತಿದ್ದರು, ಠಾಣೆಯ ವರದಿಯನ್ನು ಯಾರೂ ಓದುತ್ತಿರಲಿಲ್ಲ. ಹೀಗೇ ವರ್ಷಗಳು ಕಳೆದವು.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಠಾಣೆಗೆ ಹೊಸ ಪಿಎಸ್‌ಐ ಬಂದರು. ಮೈಸೂರು ಕಡೆಯವರು, ಕೆಟ್ಟವರೇನಲ್ಲ, ಕಾಗದಕ್ಕೆ ಹೆದರುವ ಜಾತಿ. ಅದೇ ದಿನಗಳಲ್ಲಿ ವೈನಿಯ ದೇಶದಲ್ಲಿ ಚುನಾವಣೆ ನಡೆದು, ಮತ ಎಣಿಕೆಯಲ್ಲಿ ಮೋಸವಾಗಿದೆ, ರಶಿಯಾದ ಮಾತು ಕೇಳುವವನನ್ನು ಗೆಲ್ಲಿಸಿದ್ದಾರೆ ಎಂದು ಜನ ರಾಜಧಾನಿಯ ಚೌಕದಲ್ಲಿ ಹಗಲಿರುಳು ನಿಂತಿದ್ದರು. ಟಿವಿಯಲ್ಲಿ ಎರಡು ನಿಮಿಷ ತೋರಿಸುತ್ತಿದ್ದರು. ಬರ್ಫ, ಕಿತ್ತಳೆ ಬಣ್ಣದ ಬಾವುಟ, ಎದುರಿಗೆ ಗುರಾಣಿ ಹಿಡಿದ ಪೊಲೀಸರ ಸಾಲು. ವೈನಿ ಒಂದು ಕಿತ್ತಳೆ ಬಣ್ಣದ ಅರಿವೆಯನ್ನು ಕೊರಳಿಗೆ ಸುತ್ತಿಕೊಂಡು ಓಡಾಡತೊಡಗಿದರು. ಚಹದ ಅಂಗಡಿಯವನು "ಯಾವ ಮಠದ ಭಕ್ತರಾದ್ರಿ ವೈನಿ?" ಎಂದು ಕೇಳಿ ಬೈಸಿಕೊಂಡ.

ಆ ಚೌಕದಲ್ಲಿ ವೈನಿಯ ತಾಯಿಯೂ ಇದ್ದರು. ಅರವತ್ತೆಂಟರ ಮುದುಕಿ ರೈಲು ಹತ್ತಿ ರಾಜಧಾನಿಗೆ ಹೋಗಿ ನಿಂತಿದ್ದರು. ಎದುರಿನ ಪೊಲೀಸರ ಸಾಲಿನಲ್ಲಿ ವೈನಿಯ ತಮ್ಮ. ಅವನು ಅಲ್ಲಿಯ ಪೊಲೀಸ್ ನೌಕರ, ಆಜ್ಞೆ ಬಂದ ಕಡೆ ನಿಲ್ಲಬೇಕಾದವನು. ತಾಯಿ ಸಾಲಿನ ಹತ್ತಿರ ಹೋಗಿ ಮಗನಿಗೆ ಚಹ ಕೊಟ್ಟರಂತೆ. ಅವನು ಕುಡಿದು ಲೋಟ ಮರಳಿ ಕೊಟ್ಟ, ತಾಯಿಯ ಮುಖ ನೋಡಲಿಲ್ಲ. ಫೋನಿನಲ್ಲಿ ಕೇಳಿದ ಇಷ್ಟನ್ನು ವೈನಿ ನನಗೆ ಹೇಳಿ, ಏನೂ ಆಗದವರಂತೆ ಎದ್ದು ಹೋಗಿ ಬಟ್ಟೆ ಒಗೆಯತೊಡಗಿದರು. ಆ ದಿನ ಒಗೆದ ಬಟ್ಟೆಗಳು ಪಾಪ, ಅರ್ಧ ಆಯುಷ್ಯ ಕಳೆದುಕೊಂಡಿರಬೇಕು.

ಪರ್ಮಿಟ್ ಮುಗಿಯಲು ಎಂಟು ದಿನ ಉಳಿದಿತ್ತು. ವೈನಿ ಎಂದಿನಂತೆ ಠಾಣೆಗೆ ಹೋದರು, ಜೊತೆಗೆ ನಾನೂ ಇದ್ದೆ. ಪಿಎಸ್‌ಐ ರಿಜಿಸ್ಟರು ತಿರುವಿ ಹಳೆಯ ಸಹಿಗಳನ್ನು ನೋಡಿ ಹುಬ್ಬೇರಿಸಿದರು.

"ಸಹಿ ಮುಂದೆ ಹೀಗೆಲ್ಲ ಬರೆಯೋ ಹಾಗಿಲ್ಲ ಮೇಡಂ. ಮೊದಲಿಂದ ರಷ್ಯಾ ಅಂತಾನೇ ಇದೆ. ಸುಮ್ಮನೆ ಸಹಿ ಮಾಡಿ."

"ಪಾಸ್‌ಪೋರ್ಟ್ ನೋಡ್ರಿ ಸಾಹೇಬ್ರ. ಅದರಾಗ ಏನೈತಿ ಅದನ್ನ ಬರೀರಿ."

"ಈಗ ತಿದ್ದಿದ್ರೆ, ಇಷ್ಟು ವರ್ಷ ಏನು ಮಾಡ್ತಿದ್ರಿ ಅಂತ ಮೇಲಿನವರು ನಮ್ಮನ್ನ ಕೇಳ್ತಾರೆ. ನೀವು ಸಹಿ ಮಾಡದೆ ವರದಿ ಹೋಗಲ್ಲ. ವರದಿ ಹೋಗದಿದ್ರೆ ನೀವು ದೇಶ ಬಿಡಬೇಕಾಗುತ್ತೆ."

"ಬಿಡೂದಾದ್ರ ಬಿಡತೇನಿ. ಸಹಿ ಮಾಡೂದಿಲ್ಲ."

ಮನೆಯಲ್ಲಿ ಡಾಕ್ಟರು ಮೊದಲು ನಕ್ಕರು, ಆಮೇಲೆ ಗದರಿದರು, ಕೊನೆಗೆ ಬೇಡಿಕೊಂಡರು. ಮಗಳು ಹತ್ತನೆಯ ತರಗತಿಯಲ್ಲಿದ್ದಳು. ತಾಯಿಯನ್ನು ದೇಶದಿಂದ ಹೊರಗೆ ಹಾಕಿದರೆ ಮಗುವಿನ ಗತಿಯೇನು? ನಾನೂ ಡಾಕ್ಟರ ಪಕ್ಷವೇ. ವೈನಿ ಸಬ್ಬಸಗಿ ಸೋಸುತ್ತ ಕೂತಿದ್ದರು. ಆ ಸೊಪ್ಪು ಅವರ ಊರಿನಲ್ಲೂ ಉಂಟಂತೆ, ಇಲ್ಲಿಯ ಸಂತೆಯಲ್ಲಿ ಅದನ್ನು ಮೊದಲ ಸಲ ಕಂಡಾಗ ಇಡೀ ಬುಟ್ಟಿಯನ್ನೇ ಹೊತ್ತು ತಂದಿದ್ದರು.

"ಒಂದು ಸಹಿ ರೀ ವೈನಿ. ಮಾಡಿದ್ರ ನೀವು ಬ್ಯಾರೆ ಮನಷ್ಯಾ ಆಗತೀರೇನು?" ಅಂದೆ.

ಅವರು ಸೊಪ್ಪು ಕೆಳಗಿಟ್ಟರು.

"ನಮ್ಮವ್ವ ಬರ್ಫದಾಗ ನಿಂತಾಳ. ಎದುರಿಗೆ ಹೊಟ್ಟಿಲೆ ಹುಟ್ಟಿದ ಮಗಾ ಲಾಠಿ ಹಿಡಕೊಂಡು ನಿಂತಾನ. ಆಕಿ ಯಾಕ ನಿಂತಾಳ? ನನ್ನ ಓಟು ನಂದು, ನನ್ನ ದೇಶ ನಂದು ಅಂತ ನಿಂತಾಳ. ನಾ ಇಲ್ಲಿ ಬೆಚ್ಚಗ ಕುಂತು ರಶಿಯಾ ಅಂತ ಸಹಿ ಮಾಡ್ಲೇನು? ನೀ ಸುಮ್ನ ಅರ್ಜಿ ಟೈಪ್ ಮಾಡ. ಒಂದೂ ತಪ್ಪಿರಬಾರದು."

ನನಗೆ ನಾಚಿಕೆಯಾಯಿತು. ಈಗಲೂ ನೆನೆದರೆ ಆಗುತ್ತದೆ.

ಮರುದಿನ ಹತ್ತು ಗಂಟೆಗೆ ವೈನಿ ಅರ್ಜಿ ಹಿಡಿದು ಠಾಣೆಗೆ ಹೋದರು. ಪಿಎಸ್‌ಐ ಅರ್ಜಿ ತೆಗೆದುಕೊಳ್ಳಲಿಲ್ಲ. ವೈನಿ ಹೊರಗಿನ ಕಟ್ಟೆಯ ಮೇಲೆ ಕೂತು, ಚೀಲದಿಂದ ಉಣ್ಣೆ ತೆಗೆದು, ಹುಟ್ಟುವ ಕೂಸುಗಳಿಗೆ ಕುಲಾಯಿ ಹೆಣೆಯಲು ಶುರು ಮಾಡಿದರು. ಸಂಜೆ ಆರಕ್ಕೆ ಎದ್ದು ಬಂದರು. ಎರಡನೆಯ ದಿನವೂ ಅದೇ. ಅಂದು ಹವಾಲ್ದಾರರು ಒಂದು ಕಪ್ಪು ಚಹ ತಂದು ಅವರ ಪಕ್ಕ ಇಟ್ಟು, ತಲೆ ತಗ್ಗಿಸಿಕೊಂಡು ಒಳಗೆ ಹೋದರು.

ಮಧ್ಯಾಹ್ನ ದೊಡವಾಡದ ತುಂಬು ಬಸುರಿಯೊಬ್ಬಳು ಅತ್ತೆಯೊಡನೆ ದವಾಖಾನೆಗೆ ಬಂದಳು. ವೈನಿ ಠಾಣೆಯಲ್ಲಿದ್ದಾರೆ ಎಂದು ತಿಳಿದು ಇಬ್ಬರೂ ಸೀದಾ ಅಲ್ಲಿಗೇ ನಡೆದರು. ಮೂರನೆಯ ದಿನಕ್ಕೆ ಬಸುರಿಯರು, ಬಾಣಂತಿಯರು, ಅವರ ಅತ್ತೆಯರು, ತಾಯಂದಿರು ಎಲ್ಲ ಸೇರಿ ಠಾಣೆಯ ಅಂಗಳ ತುಂಬಿತು. ಬುತ್ತಿ ಬಿಚ್ಚಿದರು. ಕೂಸುಗಳು ಅತ್ತವು. ಫಿರ್ಯಾದಿ ಕೊಡಲು ಬಂದ ಗಂಡಸರು ಒಳಗೆ ಹೋಗಲು ದಾರಿಯಿಲ್ಲದೆ ನಿಂತರು.

"ಇದೇನಮ್ಮ, ಇಲ್ಲೆಲ್ಲ ಕೂರೋ ಹಾಗಿಲ್ಲ" ಎಂದು ಪಿಎಸ್‌ಐ ಹೊರಗೆ ಬಂದರು.

ದೊಡವಾಡದ ಅತ್ತೆ ಎಲೆಯಡಿಕೆ ಒಂದು ದವಡೆಗೆ ಸರಿಸಿ ಹೇಳಿದಳು: "ನಮ್ಮ ಸೊಸಿ ಹಡಿಯೂತನಾ ನಾವು ಇಲ್ಲೇ ಇರೋರ್ರೀ. ವೈನೀನ್ನ ದೇಶಾ ಬಿಡಿಸಿದ್ರ ಹೆರಿಗಿ ನೀವು ಮಾಡಸ್ತೀರೇನು?"

ಅಂಗಳವೆಲ್ಲ ನಕ್ಕಿತು. ಪಿಎಸ್‌ಐ ಕೆಂಪಾಗಿ ವೈನಿಯ ಕಡೆ ತಿರುಗಿದರು.

"ರಷ್ಯಾ, ಉಕ್ರೇನ್, ಮೊದಲು ಎರಡೂ ಒಂದೇ ಅಲ್ವಾ ಮೇಡಂ? ಅಷ್ಟಕ್ಕೆ ಇಷ್ಟು ರಂಪ ಯಾಕೆ?"

ವೈನಿ ಹೆಣಿಗೆ ನಿಲ್ಲಿಸಲಿಲ್ಲ. "ಸಾಹೇಬ್ರ, ನೀವು ಹೊಸಬ್ರು. ಇವತ್ತ ಸಂಜಿಕ ಕಿತ್ತೂರ ಕ್ವಾಟಿಗೆ ಹೋಗ್ರಿ. ಹೊರಗ ನಿಂತು, ಮೊದಲ ಇದು ಇಂಗ್ಲೀಷರದ ಅಲ್ಲೇನು ಅಂತ ಒಮ್ಮಿ ಕೇಳ್ರಿ. ಹೊಡತಾ ತಿನ್ನಲಾರದ ಹೊಳ್ಳಿ ಬಂದ್ರ, ನಾ ಸಹಿ ಮಾಡ್ತೇನಿ."

ಈ ಸಲ ಯಾರೂ ನಗಲಿಲ್ಲ. ನಮ್ಮ ನಾಲ್ಕು ತಾಲೂಕಿನಲ್ಲಿ ಆ ಕೋಟೆಯ ಮಾತು ತಿಳಿಯದ ಹೆಂಗಸು ಇಲ್ಲ. ಬಾಗಿಲಲ್ಲಿ ನಿಂತಿದ್ದ ಹವಾಲ್ದಾರರು ರಿಜಿಸ್ಟರನ್ನು ಎದೆಗವಚಿಕೊಂಡು ಮುಂದೆ ಬಂದರು. ನಿವೃತ್ತಿಗೆ ಅವರಿಗೆ ನಾಲ್ಕೇ ತಿಂಗಳು ಉಳಿದಿತ್ತು.

"ಸಾಹೇಬ್ರ, ಮೊದಲ ಸಾಲ ಬರದಾವ ನಾನ. ಊರಾಗ ಏನಂತಿದ್ರು ಅದನ್ನ ಬರದೆ. ದೇಶ ಒಡದು ಬ್ಯಾರೆ ಆದ ಮ್ಯಾಲೂ ವರ್ಷಾ ವರ್ಷಾ ನಕಲ ಹೊಡಕೋಂತ ಬಂದೆ. ತಪ್ಪು ನಂದು ಅಂತ ಬರಕೊಡ್ತೇನಿ. ನೋಟೀಸ ಬಂದ್ರ ನನಗ ಬರ್ಲಿ."

ಅಂಗಳದಲ್ಲಿದ್ದ ನಾನು ಅವರು ಹೇಳಿದ್ದನ್ನು ಬರೆದುಕೊಂಡು, ನನ್ನ ಖೋಲಿಗೆ ಓಡಿ ಟೈಪು ಮಾಡಿ ತಂದೆ. ಪಿಎಸ್‌ಐ ಬಹಳ ಹೊತ್ತು ಓದಿ, ರಿಜಿಸ್ಟರಿನಲ್ಲಿ ಕೆಂಪು ಮಸಿಯಿಂದ ತಾವೇ ತಿದ್ದಿದರು. ವೈನಿ ಅಂದು ಬರೀ ಸಹಿ ಮಾಡಿದರು, ಮುಂದೆ ಏನೂ ಬರೆಯುವ ಅಗತ್ಯವಿರಲಿಲ್ಲ. ಹವಾಲ್ದಾರರಿಗೆ ನೋಟೀಸು ಬಂದೇ ಬಂತು, ಪೆನ್ಶನ್ನೂ ತಡವಾಯಿತು. ಅವರ ಮನೆಯ ಹೆರಿಗೆಗಳನ್ನೆಲ್ಲ ಆಮೇಲೆ ವೈನಿಯೇ ಮಾಡಿಸಿದರು. ಅತ್ತ ವೈನಿಯ ದೇಶದಲ್ಲೂ ಗುಂಡು ಹಾರಲಿಲ್ಲ, ಚುನಾವಣೆ ಮತ್ತೊಮ್ಮೆ ನಡೆಯಿತು. ತಾಯಿ ಮತ್ತು ತಮ್ಮ ಮಾತಾಡಲು ಮಾತ್ರ ಅರ್ಧ ವರ್ಷ ಹಿಡಿಯಿತಂತೆ.

ಊರು ಬದಲಾಯಿತು ಎಂದು ತಿಳಿಯಬೇಡಿ. ಜನರ ಬಾಯಲ್ಲಿ ರಶಿಯಾ ವೈನಿ ಹಾಗೆಯೇ ಉಳಿದರು. ಅವರೂ ಕೊನೆಯವರೆಗೂ ಪ್ರತಿಯೊಬ್ಬರನ್ನೂ ತಿದ್ದುತ್ತಲೇ ಇದ್ದರು, ಬೇನೆಯಲ್ಲಿ ಕೂಗುವ ಬಸುರಿಯನ್ನೂ ಬಿಡದೆ.

ಎರಡು ಸಾವಿರದ ಒಂಬತ್ತರಲ್ಲಿ ಹೊಟ್ಟೆಯೊಳಗೆ ಗಂಟು ಕಾಣಿಸಿಕೊಂಡಿತು, ಆರು ತಿಂಗಳಲ್ಲಿ ಹೋಗಿಬಿಟ್ಟರು. ನಮ್ಮ ಪದ್ಧತಿಯಂತೆ ಡಾಕ್ಟರ ಹೊಲದಲ್ಲೇ ಮಣ್ಣು ಮಾಡಿದರು. ದೊಡವಾಡದಿಂದ ಬಂದ ಹೆಂಗಸರೇ ಒಂದು ಟ್ರ್ಯಾಕ್ಟರ್ ತುಂಬ ಇದ್ದರು.

ಮೂರನೆಯ ದಿನ ಪರ್ಮಿಟ್ ಮರಳಿಸಲು ಡಾಕ್ಟರ ಜೊತೆ ಠಾಣೆಗೆ ಹೋದೆ. ಪರದೇಶದವರು ತೀರಿಕೊಂಡರೆ ಮನೆಯವರ ಹೇಳಿಕೆ ಬರೆದುಕೊಳ್ಳಬೇಕಂತೆ. ಹವಾಲ್ದಾರರ ಜಾಗದಲ್ಲಿ ಊರಿನವನೇ ಆದ ಒಬ್ಬ ಹೊಸ ಪೊಲೀಸಿನವನು ಕೂತಿದ್ದ. ಯಾವ ಕಾಗದವನ್ನೂ ನೋಡದೆ ಎರಡು ಪುಟ ಬರೆದು ಡಾಕ್ಟರ ಮುಂದೆ ಇಟ್ಟ. ನಾನು ಬಗ್ಗಿ ನೋಡಿದೆ. ಮೊದಲ ಸಾಲಿನಲ್ಲೇ ಇತ್ತು: ನನ್ನ ಹೆಂಡತಿ ರಶಿಯಾ ದೇಶದವಳು. ಡಾಕ್ಟರು ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ, ಓದದೆಯೇ ಪೆನ್ನು ಊರಿದರು.

ನಾನು ಹಾಳೆಯ ಮೇಲೆ ಕೈ ಇಟ್ಟೆ. "ಅಣ್ಣಾರ, ತಡೀರಿ. ಓದ್ರಿ."

ಅವರು ಓದಿದರು.

"ಹೋದವರಿಗೆ ಯಾವ ದೇಶ ಆದ್ರೇನ್ರೀ ಡಾಕ್ಟ್ರ" ಅಂದ ಹುಡುಗ, ಸಮಾಧಾನ ಹೇಳುವವನಂತೆ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ನನಗೊಂದು ಕುರ್ಚಿ ಎಳೆದರು, ತಾವೂ ಒಂದರಲ್ಲಿ ಕೂತರು.

"ಇನ್ನೊಂದು ಹಾಳಿ ತಗೋ ತಮ್ಮಾ" ಅಂದರು. "ಮೊದಲಿಂದ ಬರಿ."